ಪಾಚಿ ತೋರಿಸುವ ಗುಳಿಗೆ: 14 ತಿಂಗಳ ಬಳಕೆಯ ನಂತರ

ಹಾಲಿನವನು ಬೆಲ್ ಒತ್ತಿದಾಗ ಗುಳಿಗೆ ನನ್ನ ಬಾಯಿಯಲ್ಲೇ ಇತ್ತು. ಭಾನುವಾರ ಇಷ್ಟು ಬೇಗ ಬರುವವನಲ್ಲ. ಬಾಗಿಲು ತೆರೆದು, ತಿಂಗಳ ಲೆಕ್ಕ ಎಷ್ಟಾಯಿತು ಎಂದು ಕೇಳಿದೆ. ಅವನು ಒಂದು ಹೆಜ್ಜೆ ಹಿಂದೆ ಸರಿದು, "ಅಮ್ಮಾ, ಆಟೋ ಕರೆಯಲೇ?" ಎಂದ. ಕನ್ನಡಿ ನೋಡಿಕೊಂಡಾಗ ಅವನ ಗಾಬರಿ ಅರ್ಥವಾಯಿತು. ತುಟಿ, ನಾಲಗೆ, ಒಸಡು ಎಲ್ಲವೂ ನೇರಳೆ ಹಣ್ಣು ತಿಂದ ಮಗುವಿನಂತೆ.

ಹಲ್ಲಿನ ಮೇಲೆ ಕೂರುವ ಅಂಟು ಪದರಕ್ಕೆ, ಅಂದರೆ ಪಾಚಿಗೆ, ಬಣ್ಣ ಹತ್ತಿಸಿ ತೋರಿಸುವ ಗುಳಿಗೆ ಇದು. ಶೀಶೆಯಲ್ಲಿ 40, ಬೆಲೆ 480 ರೂಪಾಯಿ. ತುಮಕೂರಿನಲ್ಲಿ ನಾನು ವಿಚಾರಿಸಿದ ನಾಲ್ಕು ಔಷಧಿ ಅಂಗಡಿಗಳಲ್ಲಿ ಮೂವರಿಗೆ ಹೀಗೊಂದು ವಸ್ತು ಇದೆ ಎಂಬುದೇ ಗೊತ್ತಿರಲಿಲ್ಲ, ನಾಲ್ಕನೆಯವನು ಹಲ್ಲು ಬಿಳುಪಾಗಿಸುವ ಪೇಸ್ಟ್ ಕೈಗಿಟ್ಟ. ಹಾಗಾಗಿ ಆನ್‌ಲೈನಿನಲ್ಲೇ ತರಿಸಿದೆ. ಉಳಿದ ವಿವರ ಮಾರಾಟದ ಪುಟದಲ್ಲಿದೆ, ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಆದರೆ ಆ ಪುಟದಲ್ಲಿದ್ದ ಒಂದು ಪದದ ಬಗ್ಗೆ ನನಗೆ ತಕರಾರಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಮ್ಮ ಮನೆಯ ಕ್ರಮ. ಶನಿವಾರ ರಾತ್ರಿ ಎಂದಿನಂತೆ ಹಲ್ಲುಜ್ಜಿ ಮಲಗುತ್ತೇವೆ. ಭಾನುವಾರ ಎದ್ದು ಹಲ್ಲುಜ್ಜಿ, ಇನ್ನೇನು ಲಕಲಕ ಎನ್ನುತ್ತಿದೆ ಎಂಬ ನಂಬಿಕೆ ಬಂದ ಮೇಲೆ ಗುಳಿಗೆಯ ಸರದಿ. ಅಡಿಕೆಕತ್ತರಿಯಲ್ಲಿ ಗುಳಿಗೆಯನ್ನು ಎರಡು ಹೋಳು ಮಾಡುತ್ತೇನೆ. ಒಂದು ನನಗೆ, ಒಂದು ಆರನೆಯ ತರಗತಿಯ ಮಗಳಿಗೆ. ತುಟಿಗೆ ಮೊದಲೇ ಕೊಬ್ಬರಿ ಎಣ್ಣೆ ಸವರಿಕೊಳ್ಳಬೇಕು. ಹಾಲಿನವನ ಪ್ರಸಂಗದ ನಂತರ ಕಲಿತ ಪಾಠ. ಅರ್ಧ ನಿಮಿಷ ಅಗಿದು, ಬಣ್ಣದ ಜೊಲ್ಲನ್ನು ನಾಲಗೆಯಿಂದ ಎಲ್ಲ ಹಲ್ಲಿಗೂ ಹಾಯಿಸಿ, ಉಗಿದು, ಒಂದೇ ಒಂದು ಸಲ ಬಾಯಿ ಮುಕ್ಕಳಿಸಬೇಕು. ಎರಡು ಸಲ ಮುಕ್ಕಳಿಸಿದರೆ ಬಣ್ಣ ತೆಳುವಾಗಿ ನೋಡುವುದಕ್ಕೆ ಏನೂ ಉಳಿಯುವುದಿಲ್ಲ. ನಂತರ ಇಬ್ಬರೂ ಕಿಟಕಿಯ ಬೆಳಕಿಗೆ ಬಂದು, ಕೈಕನ್ನಡಿ ಹಿಡಿದು, ಬಾಯಿ ಅಗಲಿಸಿ ನಿಲ್ಲುತ್ತೇವೆ. ನನ್ನ ಪತಿ ಈ ನೋಟಕ್ಕೆ ಹೆದರಿ ಪತ್ರಿಕೆ ಹಿಡಿದು ವರಾಂಡಕ್ಕೆ ಹೋಗುತ್ತಾರೆ. ಅವರು ಸಾಗರದ ಕಡೆಯವರು, ಊಟದ ನಂತರ ಎಲೆ-ಅಡಿಕೆಯ ಕವಳ ಬಿಟ್ಟವರಲ್ಲ. "ನನ್ನ ಬಾಯಿ ವರ್ಷವಿಡೀ ಕೆಂಪೇ, ದುಡ್ಡು ಕೊಟ್ಟು ಇನ್ನಷ್ಟು ಬಳಿದುಕೊಳ್ಳಬೇಕೇ?" ಎಂಬುದು ಅವರ ಪ್ರಶ್ನೆ.

ಮೊದಲ ದಿನ ಕನ್ನಡಿಯಲ್ಲಿ ಕಂಡದ್ದನ್ನು ಮರೆಯಲಾರೆ. ಗುಳಿಗೆಯಲ್ಲಿ ಎರಡು ಬಣ್ಣ ಬೆರೆತಿರುತ್ತವೆ. ಹೊಸದಾದ, ತೆಳುವಾದ ಪಾಚಿಯಿಂದ ನೀಲಿ ತೊಳೆದುಹೋಗಿ ಗುಲಾಬಿ ಉಳಿಯುತ್ತದೆ. ಎರಡು ಮೂರು ದಿನದಿಂದ ದಪ್ಪಗೆ ಕೂತದ್ದು ನೀಲಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಎಂದರೆ ನೀಲಿ ಕಂಡಲ್ಲಿ ಬ್ರಷ್ ದಿನಗಟ್ಟಲೆ ಹೋಗಿಯೇ ಇಲ್ಲ. ನನ್ನ ಮುಂಭಾಗ ಸ್ವಚ್ಛವಾಗಿತ್ತು, ನಗುವಾಗ ಕಾಣುವ ಭಾಗವಲ್ಲವೇ. ಕೆಳಗಿನ ಮುಂಹಲ್ಲುಗಳ ಒಳಬದಿಯಲ್ಲಿ ಮಾತ್ರ ಅಂಚು ಹಿಡಿದು ಒಂದು ನೀಲಿ ಪಟ್ಟಿ. ಬಲಗಡೆಯ ಕೋರೆಹಲ್ಲಿನ ಬುಡದಲ್ಲಿ ಇನ್ನೊಂದು. ಬಲಗೈಯಲ್ಲಿ ಉಜ್ಜುವ ನಾನು ಆ ತಿರುವಿನಲ್ಲಿ ಬ್ರಷ್ಷನ್ನು ಹೊರಳಿಸುವಾಗ ಪ್ರತಿಸಲವೂ ಅದೊಂದು ಹಲ್ಲನ್ನು ಹಾರಿಸುತ್ತಿದ್ದೆ. ನಲವತ್ತೆರಡು ವರ್ಷದ ಹೆಂಗಸಿಗೆ ಹಲ್ಲುಜ್ಜಲು ಬರುವುದಿಲ್ಲ ಎಂಬುದನ್ನು ಒಂದು ಗುಳಿಗೆ ಹೇಳಿತು. ಮೊದಲ ಎರಡು ವಾರ ಛಲ ಹಿಡಿದು ದಿನಕ್ಕೊಂದರಂತೆ ಇಡೀ ಗುಳಿಗೆ ಅಗಿದೆ. ಬ್ರಷ್ಷನ್ನು ಒಸಡಿನ ಅಂಚಿಗೆ ಓರೆಯಾಗಿ ಹಿಡಿದು, ಸಣ್ಣಗೆ ಅಲುಗಿಸುವುದನ್ನು ಕಲಿತೆ. ಕೋರೆಹಲ್ಲಿನ ನೀಲಿ ಹತ್ತನೆಯ ದಿನ ಗುಲಾಬಿಯಾಯಿತು, ಹದಿಮೂರನೆಯ ದಿನ ಮಾಯವಾಯಿತು. ಒಳಬದಿಯ ಪಟ್ಟಿ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ.

ಇಲ್ಲಿಯವರೆಗೆ ಐದಕ್ಕೆ ಐದು ನಕ್ಷತ್ರ. ಇನ್ನು ಆ ಪದದ ವಿಷಯ.

ಮಾರಾಟದ ಪುಟದಲ್ಲಿ ಇದನ್ನು "ಕಲೆ ಪತ್ತೆ ಗುಳಿಗೆ" ಎಂದು ಕರೆದಿದ್ದರು. ನಾನು ದುಡ್ಡು ಕೊಟ್ಟದ್ದೇ ಆ "ಕಲೆ" ಎಂಬ ಪದಕ್ಕೆ. ನನ್ನ ಮೇಲಿನ ಎರಡು ಮುಂಹಲ್ಲುಗಳಲ್ಲಿ ಬಾಲ್ಯದಿಂದಲೂ ಕಂದು ಮಚ್ಚೆಗಳಿವೆ, ಸುತ್ತ ಸುಣ್ಣ ಬಳಿದಂತೆ ಬಿಳಿ ಗೆರೆ. ಇದ್ದಿಲಿನ ಪುಡಿಯಿಂದ ಒಂದು ವರ್ಷ ತಿಕ್ಕಿದೆ. ಮಚ್ಚೆ ಹೋಗಲಿಲ್ಲ, ಐಸ್‌ಕ್ರೀಂ ತಿಂದರೆ ಹಲ್ಲು ಜುಮ್ಮೆನ್ನುವುದು ಮಾತ್ರ ಶುರುವಾಯಿತು. ಗುಳಿಗೆ ಈ ಕಲೆಗಳನ್ನು ಬಣ್ಣ ಹಚ್ಚಿ ತೋರಿಸುತ್ತದೆ, ತೋರಿಸಿದಲ್ಲಿ ಇನ್ನಷ್ಟು ತಿಕ್ಕಿದರಾಯಿತು ಎಂಬುದು ನನ್ನ ಲೆಕ್ಕಾಚಾರ. ಆದರೆ ಸುತ್ತಲಿನ ಪಾಚಿ ಗುಲಾಬಿಯಾದರೂ ಮಚ್ಚೆ ಇದ್ದ ಹಾಗೆಯೇ ಇತ್ತು. ಗುಳಿಗೆ ಅದನ್ನು ಮೂಸಿಯೂ ನೋಡಲಿಲ್ಲ. ಕೆಳಹಲ್ಲುಗಳ ಸಂದಿನ ಕಾಫಿ ಬಣ್ಣದ ಗೆರೆಗಳದೂ ಅದೇ ಕಥೆ. ಮೋಸಹೋದೆ ಎಂದು ಸಿಟ್ಟು ಬಂದು ಒಂದು ನಕ್ಷತ್ರದ ವಿಮರ್ಶೆ ಬರೆಯಲು ಕುಳಿತಿದ್ದೆ.

ಮೂರನೆಯ ತಿಂಗಳು ದಂತವೈದ್ಯರ ಬಳಿ ಹೋಗದಿದ್ದರೆ ಅದನ್ನೇ ಬರೆದಿರುತ್ತಿದ್ದೆ. ಆಕೆ ಮಾಡಿದ್ದು ಇಷ್ಟೇ. ಕೆಳಹಲ್ಲಿನ ಕಂದು ಗೆರೆಯನ್ನು ಕೊಕ್ಕೆಯಂಥ ಸಲಕರಣೆಯ ತುದಿಯಿಂದ ಕೆರೆದರು, ಸಣ್ಣ ಹಕ್ಕಳೆಯಾಗಿ ಎದ್ದು ಬಂತು. "ಇದು ಮೇಲೆ ಅಂಟಿದ ಕಲೆ" ಎಂದರು. ಮುಂಹಲ್ಲಿನ ಮಚ್ಚೆಯ ಮೇಲೆ ಅದೇ ತುದಿ ಗಾಜಿನ ಮೇಲೆ ಓಡಾಡಿದಂತೆ ಜಾರಿತು. ಆಮೇಲೆ ಗಾಳಿ ಊದಿ ಹಲ್ಲನ್ನು ಒಣಗಿಸಿ ಕನ್ನಡಿ ಕೊಟ್ಟರು. ಒಣಗಿದ ಹಲ್ಲಿನಲ್ಲಿ ಬಿಳಿ ಮೋಡಗಳು ಎದ್ದು ಕಂಡವು, ಎಡಕ್ಕೂ ಬಲಕ್ಕೂ ಒಂದೇ ನಮೂನೆ. "ಚಿಕ್ಕಂದಿನಲ್ಲಿ ಎಲ್ಲಿದ್ದಿರಿ?" ಎಂದು ಕೇಳಿದರು. ಪಾವಗಡ ತಾಲ್ಲೂಕು, ಬೋರ್‌ವೆಲ್ ನೀರು ಎಂದೆ. ಆಕೆ ತಲೆಯಾಡಿಸಿದರು. ಮಚ್ಚೆಗೆ ಕಾರಣ ಆ ನೀರಿನಲ್ಲಿದ್ದ ಫ್ಲೋರೈಡ್ ಎಂಬ ಲವಣ.

ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು, ಬೇರೆ ನೀರೇ ಇಲ್ಲದ ಕಡೆ ಹೆಚ್ಚೆಂದರೆ 1.5 ಎನ್ನುತ್ತದೆ ನಮ್ಮ ದೇಶದ ಮಾನದಂಡ. ಒಸಡಿನೊಳಗೆ ಹಲ್ಲು ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಅದಕ್ಕಿಂತ ಹೆಚ್ಚು ಹೊಟ್ಟೆಗೆ ಹೋದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ಲೇ ಹೀಗೆ ಕಟ್ಟಿಕೊಳ್ಳುತ್ತದೆ. ಎಡಬಲದ ಜೋಡಿ ಹಲ್ಲುಗಳು ಒಂದೇ ಕಾಲಕ್ಕೆ ರೂಪುಗೊಳ್ಳುವುದರಿಂದ ಮಚ್ಚೆಯೂ ಜೋಡಿಯಾಗಿಯೇ ಬರುತ್ತದೆ. ಒಂದೇ ಒಂದು ಹಲ್ಲು ಕಪ್ಪಾಗಿದ್ದರೆ ಎಂದೋ ಬಿದ್ದು ಪೆಟ್ಟಾಗಿ ಒಳಗಿನ ನರ ಸತ್ತಿರಬಹುದು ಎಂದು ಅನುಮಾನಿಸಬೇಕಂತೆ. ನಮ್ಮ ಶಾಲೆಯ ಅರ್ಧ ತರಗತಿಗೆ ನನ್ನಂಥದೇ ಹಲ್ಲು. ಹಲ್ಲುಜ್ಜದೆ ಬಂದಿದ್ದೀರಿ ಎಂದು ಮೇಷ್ಟ್ರು ಸಾಲಾಗಿ ನಿಲ್ಲಿಸುತ್ತಿದ್ದದ್ದು ನೆನಪಾಯಿತು.

ಕೆಳಹಲ್ಲಿನ ಗೆರೆಗಳಿಗೆ ಕಾರಣ ನಾನೇ. ಹಿಂದಿನ ವರ್ಷ ಬುದ್ಧಿಹಲ್ಲು ಕೀಳಿಸಿದಾಗ ಎರಡು ವಾರಕ್ಕೆಂದು ಕೊಟ್ಟಿದ್ದ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶನ್ನು, ಬಾಟಲಿ ಮುಗಿದ ಮೇಲೂ ಮತ್ತೆ ಕೊಂಡು, ಮೂರು ತಿಂಗಳು ಮುಕ್ಕಳಿಸಿದ್ದೆ. ಅದು ಸ್ವತಃ ಕಂದು ಕಲೆ ಬಿಡುತ್ತದೆ, ದಿನಕ್ಕೆ ನಾಲ್ಕು ಲೋಟ ಕಾಫಿ ಜೊತೆಗೂಡಿದರೆ ಇನ್ನೂ ಗಾಢವಾಗಿ. ಸ್ವಚ್ಛತೆಯ ಹುಚ್ಚಿನಿಂದಲೇ ಹಲ್ಲು ಕೊಳಕು ಮಾಡಿಕೊಂಡಿದ್ದೆ.

ಅವತ್ತೇ ಕಿಟ್ಟ, ಅಂದರೆ ಕಲ್ಲಾದ ಪಾಚಿ, ತೆಗೆಸಿ ಪಾಲಿಷ್ ಮಾಡಿಸಿಕೊಂಡೆ, 1,200 ರೂಪಾಯಿ. ನನ್ನ ಅತ್ತಿಗೆಯ ಪ್ರಕಾರ ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ. ಆಗುವುದಿಲ್ಲ. ಇಷ್ಟು ದಿನ ಕಿಟ್ಟ ತುಂಬಿಕೊಂಡಿದ್ದ ಸಂದು ಖಾಲಿಯಾಗಿ ನಾಲಗೆಗೆ ತಗುಲುತ್ತದೆ, ಅಷ್ಟೇ. ನನ್ನ ಆ ಹಠಮಾರಿ ನೀಲಿ ಪಟ್ಟಿಯ ಅಡಿಯಲ್ಲಿ ಇದ್ದದ್ದೂ ಕಿಟ್ಟವೇ. ಕೆಳಗಿನ ಮುಂಹಲ್ಲುಗಳ ಹಿಂದೆಯೇ ಜೊಲ್ಲಿನ ಗ್ರಂಥಿಗಳ ಬಾಯಿ ಇರುವುದರಿಂದ ಪಾಚಿ ಅಲ್ಲಿ ಬೇಗ ಕಲ್ಲಾಗುತ್ತದೆ, ಕಲ್ಲಾದ ಮೇಲೆ ಬ್ರಷ್ಷಿಗೆ ಜಗ್ಗುವುದಿಲ್ಲ. ಕೊನೆಯಲ್ಲಿ ರಬ್ಬರಿನ ಪುಟ್ಟ ಬಟ್ಟಲೊಂದು ತಿರುಗುತ್ತಾ ಬಂದು, ಸಣ್ಣ ಮರಳಿನಂಥ ಪೇಸ್ಟನ್ನು ಒಂದೊಂದೇ ಹಲ್ಲಿಗೆ ಉಜ್ಜಿತು. ಕಚಗುಳಿಯಂತಿತ್ತು, ಸಂಕೋಚವಾಗುವಷ್ಟು ಹಿತ. ಪಾಲಿಷ್ ಎಂದರೆ ಬಿಳಿ ಮಾಡುವುದು ಎಂದುಕೊಂಡಿದ್ದೆ. ಮೇಲೆ ಅಂಟಿದ ಕಲೆ ಅಳಿಸಿ ನುಣುಪು ಮಾಡುವುದಷ್ಟೇ ಅದರ ಕೆಲಸ. ಒರಟಾದರೆ ಕಾಫಿ ಬೇಗ ಅಂಟುತ್ತದೆ. ಒಂದು ದಿನ ಕಾಫಿ ಬೇಡ ಎಂದಿದ್ದರು, ನಾಲ್ಕು ಗಂಟೆ ತಡೆದೆ.

ಮಚ್ಚೆಗಳು ಅಲ್ಲೇ ಇವೆ. ಮೇಲ್ಪದರ ಸವೆಸುವ, ಇಲ್ಲವೇ ಮುಂದೆ ಬಿಲ್ಲೆ ಅಂಟಿಸುವ ಉಪಾಯಗಳಿವೆಯಂತೆ. ಖರ್ಚು ಕೇಳಿ ಸುಮ್ಮನಾದೆ. ಮಗಳ ಹೊಸ ಹಲ್ಲುಗಳಲ್ಲಿ ಒಂದು ಮೋಡವೂ ಇಲ್ಲ. ಅವಳು ಬೆಳೆದದ್ದು ಬೇರೆ ನೀರಿನಲ್ಲಿ.

ಮತ್ತೆ ಗುಳಿಗೆಗೆ. ಅದು ಸುಳ್ಳು ಹೇಳಿರಲಿಲ್ಲ, ಸುಳ್ಳು ಹೇಳಿದ್ದು ಮಾರಾಟದ ಪುಟ. ಬಣ್ಣ ಹತ್ತದಿದ್ದಾಗಲೇ ಅದು ಪಾಚಿಯಲ್ಲ, ನಿನ್ನ ಬ್ರಷ್ಷಿನ ಕೆಲಸವಲ್ಲ ಎಂದು ಗುಳಿಗೆ ನನಗೆ ಹೇಳಿತ್ತು, ಕೇಳುವ ತಾಳ್ಮೆ ನನಗಿರಲಿಲ್ಲ. ಅಂದು ಕೊಡಹೊರಟಿದ್ದ ಒಂದು ನಕ್ಷತ್ರವನ್ನು ನಾಲ್ಕಕ್ಕೆ ಏರಿಸುತ್ತಿದ್ದೇನೆ. ಐದರಲ್ಲಿ ಒಂದನ್ನು ಕಡಿಮೆ ಮಾಡಿದ್ದು, ಮಳೆಗಾಲದಲ್ಲಿ ಎರಡನೆಯ ಶೀಶೆಯೊಳಗೆ ಮೂರು ಗುಳಿಗೆ ಬೆಲ್ಲದಂತೆ ಅಂಟಿಕೊಂಡದ್ದಕ್ಕೆ. ಚಪ್ಪಲಿ ಡಬ್ಬಿಯಲ್ಲಿ ಬರುವ ತೇವ ಹೀರುವ ಪೊಟ್ಟಣವನ್ನು ಶೀಶೆಯ ಜೊತೆ ಒಂದು ಡಬ್ಬಿಯಲ್ಲಿಟ್ಟ ಮೇಲೆ ತೊಂದರೆಯಿಲ್ಲ. ಬಿಳಿ ಬೇಸಿನ್ನಿಗೆ ಉಗಿದ ತಕ್ಷಣ ನೀರು ಬಿಡಿ, ನಮ್ಮದರಲ್ಲಿ ಗುಲಾಬಿ ಉಂಗುರವೊಂದು ಕಾಯಂ ಆಗಿದೆ. ಮುಂಹಲ್ಲಿಗೆ ಹಲ್ಲಿನ ಬಣ್ಣದ ಫಿಲ್ಲಿಂಗ್ ಇದ್ದವರು ವೈದ್ಯರನ್ನು ಕೇಳಿಯೇ ಬಳಸಿ, ಅದರ ಅಂಚು ಬಣ್ಣ ಹೀರುತ್ತದೆ. ಮದುವೆಗೆ ಹೊರಡುವ ದಿನ ಬೇಡವೇ ಬೇಡ, ನಾಲಗೆಯ ಬಣ್ಣ ಊಟದ ಹೊತ್ತಿಗೂ ಹೋಗಿರುವುದಿಲ್ಲ.

ಶೀಶೆಯಲ್ಲಿ ಇನ್ನು ಐದು ಉಳಿದಿವೆ. ಮಗಳು ಕ್ಯಾಲೆಂಡರಿನ ಭಾನುವಾರದ ಚೌಕಗಳಲ್ಲಿ ಇಬ್ಬರ ಹಲ್ಲಿನ ಸಾಲನ್ನೂ ಬರೆದು ಬಣ್ಣದ ಪೆನ್ಸಿಲಿನಲ್ಲಿ ತುಂಬುತ್ತಾಳೆ. ಈ ವಾರ ಅವಳದರಲ್ಲಿ ಎರಡು ಗುಲಾಬಿ ಚುಕ್ಕೆ. ನನ್ನ ಬಲ ಕೋರೆಹಲ್ಲಿಗೆ ಮತ್ತೆ ನೀಲಿ.