ಪತ್ರಿಕೋದ್ಯಮ ಎಂ.ಎ.: ಮಾನಸಗಂಗೋತ್ರಿಯೋ, ಮುಕ್ತಗಂಗೋತ್ರಿಯೋ?

ಮೈಸೂರಿನಲ್ಲಿ ಪತ್ರಿಕೋದ್ಯಮದ ಸ್ನಾತಕೋತ್ತರ ಪದವಿ ಪಡೆಯಬಯಸುವವರು ಮುಖ್ಯವಾಗಿ ಎರಡು ದಾರಿಗಳನ್ನು ತೂಗಿ ನೋಡಬೇಕಾಗುತ್ತದೆ. ಒಂದು, ಮಾನಸಗಂಗೋತ್ರಿಯಲ್ಲಿರುವ ಮೈಸೂರು ವಿಶ್ವವಿದ್ಯಾನಿಲಯದ ವಿಭಾಗ. ಇನ್ನೊಂದು, ಮುಕ್ತಗಂಗೋತ್ರಿಯಲ್ಲಿರುವ, 1996ರಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ದೂರಶಿಕ್ಷಣ.

ತರಗತಿಯ ಓದಿನ ನಿಜವಾದ ಲಾಭವಿರುವುದು ಉಪನ್ಯಾಸಗಳಿಗಿಂತ ಹೆಚ್ಚಾಗಿ ತಿದ್ದುಪಡಿಯಲ್ಲಿ ಎಂಬುದು ನನ್ನ ಅಭಿಪ್ರಾಯ. ಕೆಆರ್‌ಎಸ್ ಜಲಾಶಯದ ಕುರಿತು ಬರೆಯುವ ವಿದ್ಯಾರ್ಥಿಯು ಗರಿಷ್ಠ ಮಟ್ಟ 124.80 ಅಡಿ ಎಂದು ಸರಿಯಾಗಿಯೇ ದಾಖಲಿಸಿ, ಒಳಹರಿವನ್ನು ಮಾತ್ರ ಟಿಎಂಸಿಯಲ್ಲಿ ಬರೆದುಬಿಟ್ಟರೆ, ಸೆಕೆಂಡಿಗೆ ಹರಿಯುವ ನೀರಿನ ಪ್ರಮಾಣಕ್ಕೆ ಕ್ಯೂಸೆಕ್, ಸಂಗ್ರಹಕ್ಕೆ ಟಿಎಂಸಿ ಎಂದು ಅಲ್ಲಿಯೇ ಕೆಂಪು ಶಾಯಿಯಲ್ಲಿ ತಿದ್ದಿ ಹೇಳುವವರು ಎದುರಿಗಿರಬೇಕು. ಕಾವೇರಿ ಸೀಮೆಯ ವರದಿಗಾರನಿಗೆ ಈ ತಪ್ಪು ಚಿಕ್ಕದಲ್ಲ. ಪ್ರಾಯೋಗಿಕ ಪತ್ರಿಕೆಯ ಪುಟ ಕಟ್ಟುವುದು, ಗಡುವಿನೊಳಗೆ ತಲೆಬರಹ ಕೊಡುವುದು, ಸಹಪಾಠಿಯ ವರದಿಯನ್ನು ಅರ್ಧಕ್ಕಿಳಿಸುವುದು ಇವೆಲ್ಲ ಗುಂಪಿನಲ್ಲಿ ಕುಳಿತು ಕಲಿಯುವ ಕೆಲಸಗಳು.

ಆದರೆ ಮದ್ದೂರಿನಲ್ಲೋ ಪಾಂಡವಪುರದಲ್ಲೋ ಈಗಾಗಲೇ ಅರೆಕಾಲಿಕ ವರದಿಗಾರರಾಗಿ ದುಡಿಯುತ್ತಿರುವವರಿಗೆ ಈ ತರಬೇತಿ ಸುದ್ದಿಮನೆಯಲ್ಲೇ ದೊರೆಯುತ್ತಿರುತ್ತದೆ. ಅವರಿಗೆ ಕೊರತೆಯಿರುವುದು ಮಾಧ್ಯಮ ಕಾನೂನು, ಇತಿಹಾಸ, ಸಂಶೋಧನಾ ವಿಧಾನಗಳ ಓದು. ಕೆಲಸ ಬಿಡದೆ ಅದನ್ನು ಪೂರೈಸಿಕೊಳ್ಳಲು ಮುಕ್ತ ವಿಶ್ವವಿದ್ಯಾನಿಲಯವೇ ಅನುಕೂಲ. ಅನುಭವವೇ ಇಲ್ಲದ ಹೊಸಬರಿಗೆ ಮಾತ್ರ ನಾನು ಅದನ್ನು ಸೂಚಿಸಲಾರೆ.

ಎಲ್ಲಿಯೇ ಸೇರುವುದಾದರೂ ಅರ್ಜಿ ಹಾಕುವ ಮುನ್ನ ವಿದ್ಯಾರ್ಥಿಗಳು ಹೊರತಂದ ಇತ್ತೀಚಿನ ಸಂಚಿಕೆಯನ್ನು ಕೇಳಿ ಪಡೆದು ಓದುವುದು, ಇಂಟರ್ನ್‌ಶಿಪ್ ಕಡ್ಡಾಯವೇ ಎಂದು ವಿಚಾರಿಸುವುದು ಒಳಿತು.