ದಾರ ಎಳೆದರೆ ಹಿಡಿಯುವ ಆನೆ ಸೊಂಡಿಲು: ಚೆನ್ನಾಗಿದೆ, ಆದರೆ ಬೆರಳು ತಪ್ಪು

ಮಗಳಿಗೆ ತಂದ ಆಟಿಕೆ. ದಾರ ಎಳೆದರೆ ಸೊಂಡಿಲು ಸುರುಳಿ ಸುತ್ತುತ್ತದೆ, ಪೆನ್ಸಿಲ್, ಚೆಂಡು ಎಲ್ಲ ಹಿಡಿಯುತ್ತದೆ. ಒಳಗೆ ಗಟ್ಟಿ ಕಡ್ಡಿ ಹಾಕದೆ ಬರೀ ಮೆತ್ತನೆ ರಬ್ಬರಿನಲ್ಲಿ ಮಾಡಿದ್ದು ನನಗೆ ತುಂಬಾ ಇಷ್ಟವಾಯ್ತು, ಯಾಕಂದ್ರೆ ನಿಜವಾದ ಸೊಂಡಿಲಲ್ಲೂ ಮೂಳೆ ಇಲ್ಲ, ಎಲ್ಲ ಸ್ನಾಯುಗಳದ್ದೇ ಕೆಲಸ. ಆದರೆ ಡಬ್ಬದ ಮೇಲೆ ಆಫ್ರಿಕಾದ ಆನೆ ಅಂತ ಬರೆದು ಸೊಂಡಿಲಿನ ತುದಿಯಲ್ಲಿ ಒಂದೇ ಬೆರಳು (ಹಿಡಿಯಲು ಬೆರಳಿನ ಹಾಗೆ ಚಾಚಿಕೊಂಡಿರುವ ಭಾಗ) ಇಟ್ಟಿದ್ದಾರೆ. ಒಂದು ಬೆರಳಿರುವುದು ಏಷ್ಯಾದ ಆನೆಗೆ ಅಲ್ವಾ? ಅದು ಹೆಚ್ಚಾಗಿ ತುದಿ ಮಡಚಿ ಸುತ್ತಿ ಹಿಡಿಯುತ್ತದೆ. ಆಫ್ರಿಕಾದ ಆನೆಗೆ 2 ಬೆರಳು, ನಾವು ಚಿಟಿಕೆ ಹಿಡಿದ ಹಾಗೆ ಹಿಡಿಯುತ್ತದೆ. ಮಕ್ಕಳು ಇದನ್ನೇ ನೋಡಿ ಕಲಿಯುತ್ತಾರೆ, ದಯವಿಟ್ಟು ಸರಿಪಡಿಸಿ. ಈ ಆಟಿಕೆಯಿಂದ ನಾಣ್ಯ ಎತ್ತಲಂತೂ ಆಗಲಿಲ್ಲ. ನಿಜವಾದ ಆನೆ ತೆಳ್ಳನೆಯ ಚಿಪ್ಸನ್ನೂ ಮುರಿಯದೆ ಉಸಿರು ಎಳೆದು ಎತ್ತಿಕೊಳ್ಳುತ್ತದೆ! 5ಕ್ಕೆ 3 ಸ್ಟಾರ್.