ಸಮುದ್ರ ಮೀನಿಗೆ ಕ್ವಾರಂಟೈನ್ ಟ್ಯಾಂಕ್: ವರ್ಷಗಳಿಂದ ಬಳಸಿದ ಸೆಟಪ್‌ನ ವಿಮರ್ಶೆ

ಬೆಂಗಳೂರಿನ ಅಂಗಡಿಗಳಿಗೆ ಬರುವ ಸಮುದ್ರ ಮೀನುಗಳಲ್ಲಿ ಬಹುಪಾಲು ಸಮುದ್ರದಿಂದಲೇ ಹಿಡಿದು ತಂದವು. ಹಿಡಿದವರ ತೊಟ್ಟಿ, ಸಗಟು ವ್ಯಾಪಾರಿಯ ತೊಟ್ಟಿ, ಅಂಗಡಿಯ ತೊಟ್ಟಿ ಅಂತ ಎಷ್ಟೋ ಮೀನುಗಳ ಜೊತೆ ನೀರು ಹಂಚಿಕೊಂಡು ಬಂದಿರುತ್ತವೆ. ಕ್ಲೌನ್ ಫಿಶ್ ಸ್ವಲ್ಪ ಬೇರೆ. ಮಂಡಪಂ, ವಿಳಿಂಜಂ ಕೇಂದ್ರಗಳಲ್ಲಿ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ವಿಜ್ಞಾನಿಗಳು ಮರಿ ಮಾಡಿಸುವ ವಿಧಾನ ರೂಪಿಸಿದ ಮೇಲೆ ನಮ್ಮಲ್ಲೂ ಹ್ಯಾಚರಿ ಮರಿಗಳು ಸಿಗುತ್ತವೆ. ಆದರೆ ಅಂಗಡಿಗೆ ಬಂದ ಮೇಲೆ ಅವೂ ಅದೇ ನೀರಲ್ಲಿ ಇರುತ್ತವೆ, ಅಲ್ವಾ? ಹಾಗಾಗಿ ನಮ್ಮ ಮನೆಯಲ್ಲಿ ಯಾವ ಮೀನಿಗೂ ಕ್ವಾರಂಟೈನ್, ಅಂದರೆ ದೊಡ್ಡ ಟ್ಯಾಂಕಿಗೆ ಬಿಡುವ ಮೊದಲು ಬೇರೆ ಟ್ಯಾಂಕಿನಲ್ಲಿಟ್ಟು ಚಿಕಿತ್ಸೆ ಕೊಡುವುದು, ತಪ್ಪುವುದಿಲ್ಲ.

ಕೆಲವು ವರ್ಷಗಳಿಂದ ಒಂದೇ ಸೆಟಪ್ ನಡೆಸುತ್ತಿದ್ದೇನೆ. ಯಾವ ವಸ್ತು ಕೊಟ್ಟ ದುಡ್ಡಿಗೆ ಸರಿಯಾಗಿ ನಡೆಯಿತು ಅಂತ ಹೇಳಲು ಈ ಬರಹ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಗಾಜಿಗೆ ಕಡಿಮೆ ಖರ್ಚು ಮಾಡಿ, ಔಷಧಿಯಾಗಿ ನೀರಿಗೆ ಹಾಕುವ ತಾಮ್ರವನ್ನು ಅಳೆಯುವ ಮೀಟರಿಗೆ ಕೈ ಬಿಚ್ಚಿ ಖರ್ಚು ಮಾಡಿ.

ಟ್ಯಾಂಕ್ ಎರಡು ಅಡಿಯ ಸಾದಾ ಗಾಜಿನದು. ನೀರು ಸುಮಾರು 50 ಲೀಟರ್. ಮರಳಿಲ್ಲ, ಕಲ್ಲಿಲ್ಲ. ಇವೆರಡೂ ತಾಮ್ರವನ್ನು ಹೀರಿಕೊಳ್ಳುತ್ತವೆ, ಔಷಧಿಯ ಲೆಕ್ಕ ತಪ್ಪುತ್ತದೆ. ಮೀನು ಅಡಗಿಕೊಳ್ಳಲು ಪ್ಲಂಬಿಂಗ್ ಅಂಗಡಿಯ ಪಿವಿಸಿ ಎಲ್ಬೋ ಮತ್ತು ಟೀ ಸಾಕು. ಅಗಲದ ಪೈಪು ತನ್ನಿ. ಟ್ಯಾಂಗ್ ಮೀನು ಬಾಲದ ಬುಡದ ಮುಳ್ಳಿನ ಸಮೇತ ಸಲೀಸಾಗಿ ತಿರುಗುವಷ್ಟು ಜಾಗ ಇರಬೇಕು. ಮುಚ್ಚಳ ಮಾತ್ರ ಬೇಕೇ ಬೇಕು. ಹೊಸ ಜಾಗದಲ್ಲಿ ಗಾಬರಿಯಾದ ಮೀನು ಹಾರುತ್ತದೆ.

ಇನ್ನು ಮೀಟರ್. ನಾನು ಬಳಸುವುದು ಹನ್ನಾ ಕಂಪನಿಯ ಎಚ್‌ಐ 702, ಕೈಯಲ್ಲಿ ಹಿಡಿಯುವ ಕಾಪರ್ ಚೆಕರ್. 0 ರಿಂದ 5 ಪಿಪಿಎಂವರೆಗೆ (ಪಿಪಿಎಂ ಅಂದರೆ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು), 0.01ರ ಲೆಕ್ಕದಲ್ಲಿ ತೋರಿಸುತ್ತದೆ. ಟ್ಯಾಂಕಿಗಿಂತ ದುಬಾರಿ. ಆದರೂ ಈ ಸೆಟಪ್‌ನಲ್ಲಿ ಬಿಟ್ಟುಕೊಡಲು ಮನಸ್ಸಿಲ್ಲದ ವಸ್ತು ಇದೊಂದೇ.

ಏಕೆ ಅಂತ ಹೇಳುತ್ತೇನೆ. ನಮ್ಮನ್ನು ಹೆಚ್ಚು ಕಾಡುವ ರೋಗ ಎರಡು. ಒಂದು ಬಿಳಿ ಚುಕ್ಕೆಯ ಇಕ್, ಅಂದರೆ ಕ್ರಿಪ್ಟೋಕ್ಯಾರಿಯಾನ್. ಇನ್ನೊಂದು ವೆಲ್ವೆಟ್, ಅಂದರೆ ಅಮೈಲೂಡಿನಿಯಂ. ಎರಡಕ್ಕೂ ತಾಮ್ರವೇ ಬಹಳ ಕಾಲದಿಂದ ನಂಬಿಕೊಂಡು ಬಂದ ಔಷಧಿ. ಆದರೆ ತಾಮ್ರ ಮೀನಿನ ಚರ್ಮದೊಳಗೆ ಕೂತ ಹುಳುವನ್ನು ಮುಟ್ಟುವುದಿಲ್ಲ. ಇಕ್ ಹುಳು ಮೀನಿನ ಮೈಯಲ್ಲಿ 3 ರಿಂದ 7 ದಿನ ಇದ್ದು, ಉದುರಿ, ತಳದಲ್ಲಿ ಗಟ್ಟಿ ಕೋಶವಾಗಿ ಒಳಗೇ ಒಡೆದು ನೂರಾರಾಗುತ್ತದೆ. ಆ ಕೋಶದ ಮೇಲೂ ತಾಮ್ರದ ಆಟ ನಡೆಯುವುದಿಲ್ಲ. ಕೋಶ ಬಿರಿದು ಮರಿಗಳು ಮೀನನ್ನು ಹುಡುಕುತ್ತಾ ಈಜುವ ಹೊತ್ತಿನಲ್ಲಿ ಮಾತ್ರ ಅದು ಕೊಲ್ಲುತ್ತದೆ. ಕೋಶಗಳು ಒಂದೇ ದಿನ ಬಿರಿಯುವುದಿಲ್ಲ, ಕೆಲವು ವಾರಗಟ್ಟಲೆ ತಡ ಮಾಡುತ್ತವೆ. ಆದ್ದರಿಂದ 30 ದಿನ, ಒಂದು ದಿನವೂ ಬಿಡದೆ, ತಾಮ್ರ ನೀರಿನಲ್ಲಿ ಸರಿಯಾದ ಮಟ್ಟದಲ್ಲಿ ಇರಬೇಕು.

ಕಾಪರ್ ಪವರ್‌ನಂಥ ಚಿಲೇಟೆಡ್ (ಬೇರೆ ಅಣುವಿಗೆ ಕಟ್ಟಿಹಾಕಿದ) ತಾಮ್ರದ ಔಷಧಿಗೆ ಆ ಮಟ್ಟ 2.0 ರಿಂದ 2.5 ಪಿಪಿಎಂ. ಕುಪ್ರಮೈನ್ ಎಂಬ ತಾಮ್ರದ ಔಷಧಿ ಬೇರೆ ಜಾತಿ, ಅದಕ್ಕೆ 0.5 ಪಿಪಿಎಂ. ಇವೆರಡರ ಅಂಕಿ ಅದಲುಬದಲಾದರೆ ಮೀನು ಉಳಿಯುವುದಿಲ್ಲ, ಬಾಟಲಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡಿ. ಬಣ್ಣದ ಚೀಟಿಗೆ ಹೋಲಿಸಿ ನೋಡುವ ಕಿಟ್‌ನಲ್ಲಿ 1.8ಕ್ಕೂ 2.2ಕ್ಕೂ ವ್ಯತ್ಯಾಸ ಹೇಳುವುದು ಕಷ್ಟ, ಅದರಲ್ಲೂ ರಾತ್ರಿ ಟ್ಯೂಬ್‌ಲೈಟ್ ಕೆಳಗೆ. ಇಡೀ ಚಿಕಿತ್ಸೆ ನಿಂತಿರುವುದೇ ಆ ವ್ಯತ್ಯಾಸದ ಮೇಲೆ.

ಒಂದು ಲೆಕ್ಕ ನೋಡಿ. ಟ್ಯಾಂಕಿನಲ್ಲಿ 50 ಲೀಟರ್ ನೀರು, ಮೀಟರ್ 2.40 ತೋರಿಸುತ್ತಿದೆ. 10 ಲೀಟರ್ ತೆಗೆದು ಹೊಸ ಉಪ್ಪುನೀರು ಹಾಕಿದಿರಿ. ಈಗ ಉಳಿದದ್ದು 1.92. ಎರಡರ ಕೆಳಗೆ ಇಳಿಯಿತು. ಆ ರಾತ್ರಿ ಬಿರಿದ ಕೋಶದ ಮರಿಗಳಿಗೆ ಬದುಕುವ ದಾರಿ ತೆರೆದುಕೊಂಡಿತು. ಅದಕ್ಕೇ ಬದಲಿಸುವ ನೀರಿಗೆ ಬಕೆಟ್‌ನಲ್ಲೇ ತಾಮ್ರ ಬೆರೆಸಿ, ಅಳೆದು, ಆಮೇಲೆ ಸುರಿಯುತ್ತೇನೆ. ಆವಿಯಾಗಿ ಕಡಿಮೆಯಾದ ನೀರಿಗೆ ಮಾತ್ರ ಸಾದಾ ಆರ್‌ಓ ನೀರು. ತಾಮ್ರವೂ ಉಪ್ಪೂ ಆವಿಯಾಗುವುದಿಲ್ಲವಲ್ಲ.

ಅಳೆಯುವ ಕೆಲಸ ಸುಲಭ, ಆದರೆ ಶಿಸ್ತು ಬೇಡುತ್ತದೆ. ಕಿರುಬಾಟಲಿಗೆ 10 ಮಿಲಿ ಟ್ಯಾಂಕ್ ನೀರು ಹಾಕಿ ಸೊನ್ನೆಗೆ ಹೊಂದಿಸಬೇಕು. ಅದಕ್ಕೇ ಪುಡಿ ಸುರಿದು ಅಲ್ಲಾಡಿಸಿದರೆ ನೀರು ನೇರಳೆಗೆ ತಿರುಗುತ್ತದೆ. ತಾಮ್ರ ಜಾಸ್ತಿಯಿದ್ದಷ್ಟೂ ಬಣ್ಣ ದಟ್ಟ. ಗಾಜಿನ ಮೇಲೆ ಬೆರಳಚ್ಚು ಇದ್ದರೆ, ಒಳಗೆ ಗುಳ್ಳೆ ಅಂಟಿದ್ದರೆ ಅಂಕಿ ಏರುಪೇರಾಗುತ್ತದೆ. ಹಳೆಯ ಹತ್ತಿ ಪಂಚೆಯ ತುಂಡೊಂದನ್ನು ಇದಕ್ಕೆಂದೇ ಇಟ್ಟಿದ್ದೇನೆ. ಪೊಟ್ಟಣದ ಮೂಲೆಯಲ್ಲಿ ಪುಡಿ ಉಳಿಯದಂತೆ ಬೆರಳಿನಿಂದ ತಟ್ಟಿ ಸುರಿಯಬೇಕು. ಕಷ್ಟವೆನಿಸುವುದು ಪುಡಿಯ ಖರ್ಚು. 25 ಪೊಟ್ಟಣದ ಡಬ್ಬಿ ಒಂದು ಚಿಕಿತ್ಸೆಗೆ ಸರಿಹೋಗುತ್ತದೆ, ಅಷ್ಟೇ. ಮೀನು ತರುವ ಮೊದಲೇ ಪುಡಿ ಇದೆಯಾ, ಅವಧಿ ಮುಗಿದಿಲ್ಲವಾ ಅಂತ ನೋಡಿಕೊಳ್ಳಿ.

ಮೊದಲ ದಿನವೇ ಪೂರ್ತಿ ತಾಮ್ರ ಹಾಕುವುದು ನನಗೆ ಇಷ್ಟವಿಲ್ಲ. ಮೀನು ಬಾಯಿ ಬಿಟ್ಟು ತಿನ್ನಲು ಶುರು ಮಾಡಲಿ. ಆಮೇಲೆ ಮೂರು ನಾಲ್ಕು ದಿನದಲ್ಲಿ ಮೆಲ್ಲಗೆ ಏರಿಸುತ್ತೇನೆ. ವೆಲ್ವೆಟ್ ಅನುಮಾನ ಬಂದರೆ ಮಾತ್ರ ಕಾಯುವ ಹಾಗಿಲ್ಲ. ಮೈಮೇಲೆ ಹಳದಿ ಮಿಶ್ರಿತ ಸಣ್ಣ ಧೂಳು, ಕಿವಿರು ಪಟಪಟ ಬಡಿಯುವುದು, ನೀರು ಹರಿಯುವ ಕಡೆಗೇ ಮುಖ ಮಾಡಿ ನಿಲ್ಲುವುದು ಕಂಡರೆ, ನಿಮ್ಮ ಕೈಯಲ್ಲಿರುವುದು ಒಂದೆರಡು ದಿನ ಮಾತ್ರ.

ಫಿಲ್ಟರ್ ಅಂದರೆ ಏರ್ ಪಂಪಿನ ಸ್ಪಾಂಜ್ ಫಿಲ್ಟರ್. ಅಗ್ಗ, ಗಟ್ಟಿಮುಟ್ಟು. ಒಂದು ಸ್ಪಾಂಜ್ ಯಾವಾಗಲೂ ದೊಡ್ಡ ಟ್ಯಾಂಕಿನ ಸಂಪ್‌ನಲ್ಲಿ (ಫಿಲ್ಟರ್ ತೊಟ್ಟಿಯಲ್ಲಿ) ಬಿದ್ದಿರುತ್ತದೆ, ಬೇಕಾದಾಗ ಅಮೋನಿಯ ತಿನ್ನುವ ಬ್ಯಾಕ್ಟೀರಿಯಾ ಸಮೇತ ಎತ್ತಿ ಇಲ್ಲಿಗೆ ಹಾಕುತ್ತೇನೆ. ತಾಮ್ರ ಕಂಡ ಸ್ಪಾಂಜ್ ಮತ್ತೆ ಅಲ್ಲಿಗೆ ಹೋಗಬಾರದು. ಸೀಗಡಿ, ಬಸವನಹುಳು, ಹವಳ ಯಾವುದೂ ತಾಮ್ರ ತಡೆಯುವುದಿಲ್ಲ. ಪಂಪ್ ಯುಪಿಎಸ್ ಲೈನಿನಲ್ಲಿದೆ. ಕರೆಂಟು ಹೋದರೆ ಇಷ್ಟು ಕಡಿಮೆ ನೀರಿನಲ್ಲಿ ಆಮ್ಲಜನಕ ಬೇಗ ಮುಗಿಯುತ್ತದೆ.

ಮೀನಿನ ತ್ಯಾಜ್ಯದಿಂದ ಹುಟ್ಟುವ ಅಮೋನಿಯವನ್ನು ಗಮನಿಸಲು ಗಾಜಿಗೆ ಅಂಟಿಸುವ ಸೀಕೆಮ್ ಅಮೋನಿಯಾ ಅಲರ್ಟ್ ಬಳಸುತ್ತೇನೆ. ಚುಕ್ಕೆ ಹಳದಿ ಇದ್ದರೆ ಸರಿ, ಹಸಿರಿಗೆ ತಿರುಗಿದರೆ ನೀರು ಬದಲಿಸಬೇಕು. ವರ್ಷಕ್ಕೊಮ್ಮೆ ಹೊಸದು ಹಾಕಬೇಕು. ಉಪ್ಪುನೀರಿನ ಪಿಎಚ್ ಮೇಲಿರುವುದರಿಂದ ಇಲ್ಲಿ ಅಮೋನಿಯ ಸಿಹಿನೀರಿಗಿಂತ ಜಾಸ್ತಿ ವಿಷ. ಅಂತಹ ಹೊತ್ತಿನಲ್ಲಿ ಅಮೋನಿಯ ತೆಗೆಯುವ ದ್ರಾವಣ ಸುರಿಯಲು ಕೈ ಹೋಗುತ್ತದೆ. ತಾಮ್ರ ಇರುವಾಗ ಬೇಡ. ಅದರಲ್ಲಿ ಕೆಲವು ತಾಮ್ರದ ಜೊತೆ ಸೇರಿ ಮೀನಿಗೇ ಮುಳುವಾಗುತ್ತವೆ. ನೀರು ಬದಲಿಸುವುದೇ ಕ್ಷೇಮ.

ಹೀಟರ್ ಬಗ್ಗೆ ಎರಡೇ ಮಾತು. ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ಇದಿಲ್ಲದೆ ಬೆಂಗಳೂರಿನಲ್ಲಿ ಆಗುವುದಿಲ್ಲ. ನನ್ನ ಹಳೆಯ ಹೀಟರಿನ ಥರ್ಮೋಸ್ಟಾಟ್ ಒಮ್ಮೆ ಆನ್ ಆದಲ್ಲೇ ಸಿಕ್ಕಿಹಾಕಿಕೊಂಡಿತು, ಅಂದಿನಿಂದ ಹೊರಗಿನ ಟೆಂಪರೇಚರ್ ಕಂಟ್ರೋಲರ್ ಇಲ್ಲದೆ ಯಾವ ಹೀಟರನ್ನೂ ನಂಬುವುದಿಲ್ಲ.

ತಾಮ್ರಕ್ಕೆ ಆಗದ ಕೆಲಸಗಳೂ ಇವೆ. ಫ್ಲೂಕ್ ಎಂಬ ಚಪ್ಪಟೆ ಹುಳುವಿಗೆ ಪ್ರಾಜಿಕ್ವಾಂಟೆಲ್ ಎಂಬ ಔಷಧಿ ಬೇಕು. ಕ್ಲೌನ್ ಫಿಶ್‌ಗೆ ಬರುವ ಬ್ರೂಕ್ಲಿನೆಲ್ಲಾ ಎಂಬ ಪರಾವಲಂಬಿ ತಾಮ್ರಕ್ಕೆ ಬಗ್ಗುವುದಿಲ್ಲ. ಫ್ಲೂಕ್ ಇದೆಯಾ ಅಂತ ತಿಳಿಯಲು ಸಿಹಿನೀರಿನ ಸ್ನಾನ ಒಳ್ಳೆಯ ಉಪಾಯ. ಅದೇ ಬಿಸಿ, ಅದೇ ಪಿಎಚ್‌ಗೆ ಹೊಂದಿಸಿದ ಆರ್‌ಓ ನೀರು, ಚೆನ್ನಾಗಿ ಗಾಳಿ, ಐದು ನಿಮಿಷ. ಕಪ್ಪು ಬಕೆಟ್ ತೆಗೆದುಕೊಳ್ಳಿ. ಮೈಮೇಲೆ ಗಾಜಿನಷ್ಟು ಪಾರದರ್ಶಕವಾಗಿ ಕಾಣದೇ ಕೂತಿದ್ದ ಹುಳುಗಳು ಬೆಳ್ಳಗಾಗಿ, ಎಳ್ಳು ಉದುರಿದಂತೆ ತಳಕ್ಕೆ ಬೀಳುತ್ತವೆ. ನೋಡಿದವರು ಇನ್ನು ಮುಂದೆ ಕ್ವಾರಂಟೈನ್ ಬೇಡ ಅನ್ನುವುದಿಲ್ಲ.

ಹಾಗಾದರೆ ಈ ಮೀಟರ್ ಎಲ್ಲರೂ ಕೊಳ್ಳಬೇಕಾ? ಒಂದು ಜೋಡಿ ಕ್ಲೌನ್ ಸಾಕಿ, ಮುಂದೆ ಮೀನು ಸೇರಿಸುವುದಿಲ್ಲ ಎನ್ನುವವರಿಗೆ ಬೇಡ. ಗೆಳೆಯರ ಹತ್ತಿರ ಇದ್ದರೆ ಕಡ ತನ್ನಿ, ಪುಡಿ ಮಾತ್ರ ನೀವು ಕೊಳ್ಳಿ. ಟ್ಯಾಂಗ್ ಸಾಕುವವರು, ವರ್ಷಕ್ಕೆ ಒಂದೆರಡು ಸಲವಾದರೂ ಹೊಸ ಮೀನು ತರುವವರು ಮೀನಿಗಿಂತ ಮೊದಲು ಮೀಟರ್ ತನ್ನಿ. ಜೊತೆಗೆ ಒಂದು ಹೆಚ್ಚುವರಿ ಕಿರುಬಾಟಲಿ ತರಿಸಿಟ್ಟುಕೊಳ್ಳಿ. ಒದ್ದೆ ಕೈಯಲ್ಲಿ ಮಾಡುವ ಕೆಲಸ, ಜಾರುತ್ತದೆ.